ಕೇರ್ ಹೋಂಗೆ ಸೇರಿಸುವ ಮೊದಲು ಯಾವ ಕಾಗದ ಕೇಳಬೇಕು? ದಾವಣಗೆರೆ ಗುಂಪಿನ ಪ್ರಶ್ನೋತ್ತರ

(ಉತ್ತರ ಕೊಡುತ್ತಿರುವವರು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಗುಂಪಿನಲ್ಲಿ ಎಲ್ಲರೂ 'ಸಿಸ್ಟರ್' ಎಂದೇ ಕರೆಯುತ್ತಾರೆ.)

ಪ್ರಶ್ನೆ, ನಿಟ್ಟುವಳ್ಳಿಯಿಂದ: ಸಿಸ್ಟರ್, ನಮಸ್ತೆ. ನಮ್ಮ ಅಮ್ಮನಿಗೆ 76 ವರ್ಷ. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಊಟಕ್ಕೆ ಮೂಗಿನ ಪೈಪ್, ಯೂರಿನ್‌ಗೂ ಪೈಪ್. ಈ ವಾರ ಡಿಸ್ಚಾರ್ಜ್ ಅಂತೆ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಊರ ಹೊರಗೆ ಒಂದು ಕೇರ್ ಹೋಂ ನೋಡಿಕೊಂಡು ಬಂದೆವು. ಜಾಗ ಚೆನ್ನಾಗಿದೆ. 'ಲೈಸೆನ್ಸ್ ಇದೆಯಾ?' ಅಂತ ಕೇಳಿದ್ದಕ್ಕೆ ಫ್ರೇಮ್ ಹಾಕಿಸಿದ ಟ್ರಸ್ಟ್ ರಿಜಿಸ್ಟ್ರೇಷನ್ ಕಾಗದ ತೋರಿಸಿದರು. ಅಮೆರಿಕದಲ್ಲಿರುವ ತಮ್ಮ ಅದು ಸಾಲದು ಅಂತಾನೆ. ಯಾರ ಮಾತು ಸರಿ?

ಸಿಸ್ಟರ್: ತಮ್ಮನ ಮಾತೇ ಸರಿಯಮ್ಮ. ಟ್ರಸ್ಟ್ ಕಾಗದ ತೋರಿಸಿ ಲೈಸೆನ್ಸ್ ಇದೆ ಅನ್ನೋದು, ಗಾಡಿಯ ಆರ್.ಸಿ. ತೋರಿಸಿ ಡಿ.ಎಲ್. ಇದೆ ಅಂದ ಹಾಗೆ. ಒಂದು ಸಂಸ್ಥೆ ಅಂತ ಇದೆ ಅನ್ನೋದಕ್ಕೆ ಮಾತ್ರ ಅದು ಸಾಕ್ಷಿ. ಕಾಯಿಲೆಯವರನ್ನು ಮಲಗಿಸಿಕೊಂಡು ನೋಡಿಕೊಳ್ಳಲು ಅನುಮತಿ ಇದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ನೀವು ಕೇಳಬೇಕಾದದ್ದು ಕೆ.ಪಿ.ಎಂ.ಇ. ನೋಂದಣಿ. ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಖಾಸಗಿ ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಂ, ಫಿಸಿಯೋಥೆರಪಿ ಸೆಂಟರ್ ಎಲ್ಲವೂ ಇದರಡಿ ಬರುತ್ತವೆ. ನೋಂದಣಿ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಕಡತಗಳೆಲ್ಲ ಡಿ.ಎಚ್.ಓ. (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಇರುತ್ತವೆ. ಒಂದು ಸಲ ಕೊಟ್ಟರೆ 5 ವರ್ಷ. ಹಾಗಾಗಿ ಸರ್ಟಿಫಿಕೇಟ್ ಕಂಡ ತಕ್ಷಣ ತಲೆ ಆಡಿಸಬೇಡಿ, ಕೊನೆಯ ತಾರೀಖು ನೋಡಿ. ಅದರ ಮೇಲಿರುವ ಹೆಸರು, ವಿಳಾಸ ನೀವು ನಿಂತಿರುವ ಕಟ್ಟಡದ್ದೇನಾ ಅಂತಲೂ ನೋಡಿ. ಬೇರೆ ಕಡೆಯ ಕ್ಲಿನಿಕ್ಕಿನ ಸರ್ಟಿಫಿಕೇಟ್ ಇಲ್ಲಿ ತಂದು ತೂಗುಹಾಕಿರುತ್ತಾರೆ.

'ನಮ್ಮದು ಬರೀ ವೃದ್ಧಾಶ್ರಮ, ನಮಗೆ ಅದೆಲ್ಲ ಬೇಕಿಲ್ಲ' ಅಂತ ಅವರು ಹೇಳಬಹುದು. ಓಡಾಡಿಕೊಂಡಿರುವ ಹಿರಿಯರಿಗೆ ಊಟ, ವಸತಿ ಮಾತ್ರ ಕೊಡುವ ಕಡೆ ಆ ಮಾತು ನಡೆಯುತ್ತದೆ. ನಿಮ್ಮ ಅಮ್ಮನ ವಿಷಯದಲ್ಲಿ ನಡೆಯುವುದಿಲ್ಲ. ಪೈಪಿನಲ್ಲಿ ಊಟ ಹಾಕಬೇಕು, ಕ್ಯಾಥೆಟರ್ ಅಂದರೆ ಯೂರಿನ್ ಪೈಪ್ ನೋಡಬೇಕು, ಮಗ್ಗುಲು ಬದಲಿಸಬೇಕು. ಇದು ನರ್ಸಿಂಗ್ ಕೆಲಸ. ಹಣ ತೆಗೆದುಕೊಂಡು ಅದನ್ನು ಮಾಡುವವರು ನೋಂದಣಿ ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅದೇ ಪ್ರಶ್ನೆಯವರು: ತಮ್ಮ ಒಂದು ದೊಡ್ಡ ಪಟ್ಟಿಯನ್ನೇ ಕಳಿಸಿದ್ದಾನೆ ಸಿಸ್ಟರ್. ಕೇರ್ ಪ್ಲಾನ್ (ಆರೈಕೆ ಹೇಗೆ ಮಾಡುತ್ತಾರೆ ಅಂತ ಬರೆದಿಟ್ಟದ್ದು) ಇದೆಯಾ, ದಿನಕ್ಕೆ ಎಷ್ಟು ಹೊತ್ತು ರಿಜಿಸ್ಟರ್ಡ್ ನರ್ಸ್ ಇರ್ತಾರೆ, ಇನ್‌ಸ್ಪೆಕ್ಷನ್ ರಿಪೋರ್ಟ್ ಎಲ್ಲಿದೆ, ಎಷ್ಟು ಸ್ಟಾರ್ ಅಂತ. ಇದನ್ನೆಲ್ಲ ಕೇಳಿದರೆ ಅವರು ನಗುತ್ತಾರೇನೋ.

ಸಿಸ್ಟರ್: ನಗಲಿ ಬಿಡಿ. ಪಟ್ಟಿ ಒಳ್ಳೆಯದೇ ಇದೆ. ಆದರೆ ಅದು ಅಲ್ಲಿನ ಕಾನೂನಿನ ಪಟ್ಟಿ.

ಅಮೆರಿಕದಲ್ಲಿ 1987ರಲ್ಲಿ ನರ್ಸಿಂಗ್ ಹೋಂ ಸುಧಾರಣಾ ಕಾಯ್ದೆ ಬಂತು. ಮೆಡಿಕೇರ್, ಮೆಡಿಕೈಡ್ ಅನ್ನುವ ಸರ್ಕಾರಿ ದುಡ್ಡು ಪಡೆಯುವ ಪ್ರತಿ ನರ್ಸಿಂಗ್ ಹೋಂ ಆ ನಿಯಮ ಪಾಲಿಸಲೇಬೇಕು. ಸೇರಿದ 48 ಗಂಟೆಯೊಳಗೆ ಮೊದಲ ಕೇರ್ ಪ್ಲಾನ್ ಬರೆಯಬೇಕು. 14 ದಿನದೊಳಗೆ ಪೂರ್ತಿ ತಪಾಸಣೆ ಆಗಬೇಕು. ವಾರದ ಏಳೂ ದಿನ, ದಿನಕ್ಕೆ ಸತತ 8 ಗಂಟೆ ರಿಜಿಸ್ಟರ್ಡ್ ನರ್ಸ್ ಇರಬೇಕು. ಆಯಾ ಕೆಲಸ ಮಾಡುವವರಿಗೂ ಕನಿಷ್ಠ 75 ಗಂಟೆ ತರಬೇತಿ. ಮುನ್ಸೂಚನೆ ಕೊಡದೆ ಇನ್‌ಸ್ಪೆಕ್ಷನ್‌ಗೆ ಬರುತ್ತಾರೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ 15 ತಿಂಗಳು ದಾಟುವಂತಿಲ್ಲ. ವರದಿಯನ್ನು ಎಲ್ಲರೂ ನೋಡಬಹುದು. ಸ್ಟಾರ್ ಅನ್ನೋದು ಅಲ್ಲಿನ ಸರ್ಕಾರವೇ ಕೊಡುವ 1ರಿಂದ 5ರ ರೇಟಿಂಗ್. ನಮ್ಮಲ್ಲಿ ಗೂಗಲ್‌ನಲ್ಲಿ ಕಾಣುವ ಸ್ಟಾರ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಯಾರ ಭಾವಮೈದುನ ಬೇಕಾದರೂ ಐದು ಸ್ಟಾರ್ ಒತ್ತಬಹುದು.

ಈ ಪಟ್ಟಿ ಹಿಡಿದುಕೊಂಡು ಇಲ್ಲಿ 'ಕಾನೂನು ಹೇಳುತ್ತೆ' ಅಂತ ವಾದ ಮಾಡಿದರೆ ನಡೆಯುವುದಿಲ್ಲ. ಆದರೆ ನೀವು ದುಡ್ಡು ಕೊಡುವವರು. ಸೇರಿಸುವಾಗ ಒಂದು ಅಗ್ರಿಮೆಂಟ್ ಆಗುತ್ತದೆ, ಅಲ್ವಾ? ಕಾನೂನಿನಲ್ಲಿ ಇಲ್ಲದ್ದನ್ನು ಅದರಲ್ಲಿ ಬರೆಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿದ ಒಬ್ಬರಾದರೂ ಇರುತ್ತಾರೆ ಅಂತ ಬರೆಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಚಾರ್ಟ್ ಬರೆಯುತ್ತೇವೆ ಅಂತ ಬರೆಸಿ. ಜ್ವರ ಬಂದರೆ, ಪೈಪ್ ಕಿತ್ತುಬಂದರೆ ಅದೇ ದಿನ ಫೋನ್ ಮಾಡುತ್ತೇವೆ ಅಂತಲೂ ಇರಲಿ. ನಡುವೆ ಕರೆದುಕೊಂಡು ಹೋದರೆ ಅಡ್ವಾನ್ಸ್ ಎಷ್ಟು ವಾಪಸ್ ಅನ್ನೋದು ಮರೆಯಬೇಡಿ. ಜಾಸ್ತಿ ಜಗಳ ಆಗುವುದೇ ಅಲ್ಲಿ. 'ಅದೆಲ್ಲ ಬಾಯಿಮಾತಲ್ಲಿ ಇರಲಿ ಮೇಡಂ, ನಂಬಿಕೆ ಮೇಲೆ ನಡೆಯೋದು' ಅಂದರೆ ಸುಮ್ನೆ ಪೆನ್ನು ಅವರ ಕಡೆ ಸರಿಸಿ.

ಇನ್ನು ನರ್ಸ್ ಬಗ್ಗೆ. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ. ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ನಂಬರ್ ಕೇಳಿ. ನಿಜವಾದ ನರ್ಸ್‌ಗೆ ಇದು ಅವಮಾನ ಅಲ್ಲ, ಒಂದು ಥರ ಮರ್ಯಾದೆಯೇ.

ಪ್ರಶ್ನೆ, ಹರಿಹರದಿಂದ: ಸಿಸ್ಟರ್, ನಮ್ಮ ಮಾವನವರನ್ನು ಎರಡು ತಿಂಗಳು ಒಂದು ಕಡೆ ಬಿಟ್ಟಿದ್ದೆವು. ಹೆಸರು ಬೇಡ. ಮನೆಗೆ ಕರೆತಂದು ನೋಡಿದರೆ ಸೊಂಟದ ಕೆಳಗೆ ಅಂಗೈ ಅಗಲ ಹುಣ್ಣು. ಕೇಳಿದರೆ 'ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ, ಎರಡೆರಡು ಗಂಟೆಗೆ ಹೊರಳಿಸಿದ್ದೇವೆ' ಅಂತ ಚಾರ್ಟ್ ತೋರಿಸಿದರು. ಮುಂದೇನು ಮಾಡಬಹುದು?

ಸಿಸ್ಟರ್: ಮೊದಲು ಸರ್ಜನ್‌ಗೆ ತೋರಿಸಿ, ದೂರು ಆಮೇಲೆ. ಹುಣ್ಣಿನ ಪಕ್ಕ ಒಂದು ಸ್ಕೇಲ್ ಇಟ್ಟು, ತಾರೀಖು ಬರುವ ಹಾಗೆ ಫೋಟೋ ತೆಗೆದಿಡಿ. ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಇಂಥ ಹುಣ್ಣು ಯಾವ ಸ್ಟೇಜ್ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಒಂದನೇ ಸ್ಟೇಜ್ ಅಂದರೆ ಚರ್ಮ ಒಡೆದಿರುವುದಿಲ್ಲ, ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಹೋಗುವುದಿಲ್ಲ. ಎರಡರಲ್ಲಿ ಮೇಲ್ಚರ್ಮ ಕಿತ್ತಿರುತ್ತದೆ. ಮೂರರಲ್ಲಿ ಒಳಗಿನ ಕೊಬ್ಬಿನವರೆಗೆ ಗುಂಡಿ. ನಾಲ್ಕರಲ್ಲಿ ಸ್ನಾಯು, ಮೂಳೆ ಕಾಣುತ್ತವೆ. ತೀರಾ ಕೃಶವಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಎಷ್ಟು ನೋಡಿಕೊಂಡರೂ ಕೆಲವೊಮ್ಮೆ ಆಗುತ್ತದೆ, ಅದು ನಿಜ. ಆದರೆ ಅಂಗೈ ಅಗಲ ಆಗುವವರೆಗೆ ಮನೆಯವರಿಗೆ ಒಂದು ಫೋನೂ ಬರಲಿಲ್ಲ ಅಂದರೆ ಅದಕ್ಕೆ ವಯಸ್ಸಿನ ನೆಪ ಹೇಳುವಂತಿಲ್ಲ.

ಆ ಚಾರ್ಟ್ ಇನ್ನೊಂದು ಸಲ ನೋಡಿ. ನಾನು ವಾರ್ಡಿನಲ್ಲಿ ಮೊದಲು ನೋಡುತ್ತಿದ್ದದ್ದೇ ಇದನ್ನು. ದಿನಕ್ಕೆ ಮೂರು ಪಾಳಿ, ಮೂವರು ಬೇರೆ ಬೇರೆಯವರು. ಹಾಗಿದ್ದ ಮೇಲೆ ಅಕ್ಷರ ಬದಲಾಗಬೇಕು, ಇಂಕು ಬದಲಾಗಬೇಕು. ಸಮಯ 2.10, 4.25 ಅಂತ ಹೆಚ್ಚುಕಮ್ಮಿ ಇರಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ 2, 4, 6, 8 ಅಂತ ಮೇಲಿಂದ ಕೆಳಗೆ ಮಗ್ಗಿ ಬರೆದಂತಿದ್ದರೆ, ಅದನ್ನು ಬೆಳಿಗ್ಗೆ ಕೂತು ಒಟ್ಟಿಗೆ ತುಂಬಿದ್ದಾರೆ. ಎಡ, ಬೆನ್ನು, ಬಲ ಅಂತ ಯಾವ ಮಗ್ಗುಲು ಅನ್ನೋದು ಬರೆದಿಲ್ಲದಿದ್ದರೂ ಅನುಮಾನ ಪಡಿ.

ರೆಕಾರ್ಡ್ ಕಾಪಿ ಬೇಕು ಅಂತ ಲಿಖಿತ ಅರ್ಜಿ ಕೊಟ್ಟು ಸಹಿ ತೆಗೆದುಕೊಳ್ಳಿ. ಡಾಕ್ಟರ್‌ಗಳ 2002ರ ನಡತೆ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಆಮೇಲೆ ಡಿ.ಎಚ್.ಓ. ಕಚೇರಿಗೆ ದೂರು ಕೊಡಬಹುದು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಸೇವೆಯೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಹಾಕಬೇಕು, ನೆನಪಿರಲಿ.

ಪ್ರಶ್ನೆ, ಚಿತ್ರದುರ್ಗದಿಂದ: ಅಪ್ಪನಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಓಡಾಡುತ್ತಾರೆ ಅಂತ ಹೋಂನವರು ಮಂಚಕ್ಕೆ ಕೈ ಕಟ್ಟುತ್ತಾರೆ. 'ಬಿದ್ದರೆ ನೀವೇ ನಮ್ಮನ್ನು ಬೈಯೋದು' ಅಂತಾರೆ. ಹೀಗೆ ಕಟ್ಟಬಹುದಾ?

ಸಿಸ್ಟರ್: ಸಿಬ್ಬಂದಿ ಕಡಿಮೆ ಅಂತ ಕಟ್ಟುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನೆನಪಿನ ಶಕ್ತಿ ತೀವ್ರವಾಗಿ ಕೆಡುವುದೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥವರನ್ನು ಇಟ್ಟುಕೊಳ್ಳುವ ಸಂಸ್ಥೆಗೆ 97ನೇ ಸೆಕ್ಷನ್ ಅನ್ವಯಿಸುತ್ತದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ, ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಕಟ್ಟಬಹುದು. ಕಾರಣ ಬರೆದಿಡಬೇಕು. ರೋಗಿಯ ಪ್ರತಿನಿಧಿ ಅಂತ ಇರುವವರಿಗೆ 24 ಗಂಟೆಯೊಳಗೆ ತಿಳಿಸಬೇಕು. ಒಂಟಿ ಕೋಣೆಯಲ್ಲಿ ಕೂಡಿಹಾಕುವುದಂತೂ ಪೂರ್ತಿ ನಿಷೇಧ. ನಿದ್ದೆ ಮಾತ್ರೆ ಜಾಸ್ತಿ ಕೊಟ್ಟು ಮಲಗಿಸಿಡುವುದೂ ಕಟ್ಟಿಹಾಕಿದ ಹಾಗೇ. ಹಾಗಾಗಿ ಮಾತ್ರೆ ಚೀಟಿಯನ್ನೂ ಕೇಳಿ ನೋಡಿ.

ರಾತ್ರಿ ಯಾಕೆ ಏಳುತ್ತಾರೆ ಅಂತ ಯಾರಾದರೂ ನೋಡಿದ್ದಾರಾ? ಮೂತ್ರಕ್ಕೆ ಅವಸರ, ಮಲಬದ್ಧತೆ, ಹಸಿವು, ಮಂಡಿ ನೋವು, ಇವೇ ಇರುತ್ತವೆ. ಮಂಚ ತಗ್ಗಿಸಿ, ಮಲಗುವ ಮೊದಲು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ದಾರಿಗೆ ಒಂದು ಸಣ್ಣ ಲೈಟ್ ಹಾಕಲು ಹೇಳಿ.

ಪ್ರಶ್ನೆ, ವಿದ್ಯಾನಗರದಿಂದ: ಕೇರ್ ಹೋಂ ಬಿಲ್ಲಿಗೆ ಮೆಡಿಕ್ಲೇಮ್ ಬರುತ್ತಾ?

ಸಿಸ್ಟರ್: ಸಾಮಾನ್ಯವಾಗಿ ಬರುವುದಿಲ್ಲ. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದಾವಣಗೆರೆಯಂಥ ಊರಿನಲ್ಲಿ ಪಾಲಿಸಿಯ ಲೆಕ್ಕಕ್ಕೆ ಆಸ್ಪತ್ರೆ ಅನಿಸಿಕೊಳ್ಳಲು ಆಸ್ಪತ್ರೆ ಅಂತಲೇ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಕನಿಷ್ಠ 10 ಬೆಡ್, ದಿನಪೂರ್ತಿ ಡಾಕ್ಟರ್ ಮತ್ತು ನರ್ಸ್, ಆಪರೇಷನ್ ಥಿಯೇಟರ್ ಇರಬೇಕು. ಬರೀ ವಿಶ್ರಾಂತಿಗೆ, ಆರೈಕೆಗೆ ಸೇರಿದರೆ ಅದನ್ನು ಪಾಲಿಸಿಯೇ ಹೊರಗಿಟ್ಟಿರುತ್ತದೆ. ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಟೆಸ್ಟ್ ಖರ್ಚು ಎಷ್ಟು ದಿನದವರೆಗೆ ಕೊಡುತ್ತಾರೆ ಅಂತ ಪಾಲಿಸಿಯಲ್ಲಿ ನೋಡಿ, ಆ ಬಿಲ್ ಇಟ್ಟುಕೊಳ್ಳಿ.

ಪ್ರಶ್ನೆ, ಚನ್ನಗಿರಿಯಿಂದ: ದೊಡ್ಡಮ್ಮನ ಹೋಂ ಖರ್ಚಿಗೆ ಅವರ ಮಗ ಒಂದು ಪೈಸೆ ಕೊಡುತ್ತಿಲ್ಲ. ಮನೆಯನ್ನು ಮಾತ್ರ ಮೊದಲೇ ಬರೆಸಿಕೊಂಡಿದ್ದಾನೆ.

ಸಿಸ್ಟರ್: ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರೇ ನ್ಯಾಯಮಂಡಳಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸ್ ಹೋದ 90 ದಿನದೊಳಗೆ ಮುಗಿಸಬೇಕು ಅಂತ ಇದೆ, ಒಂದು ತಿಂಗಳು ಮುಂದೂಡಬಹುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಮನೆ ಬರೆದುಕೊಟ್ಟಿದ್ದರೆ 23ನೇ ಸೆಕ್ಷನ್‌ನಲ್ಲಿ ಅದನ್ನು ರದ್ದು ಮಾಡಿಸುವ ದಾರಿಯೂ ಇದೆ. ಪತ್ರದಲ್ಲಿ ಆ ಷರತ್ತು ಇದೆಯಾ ಅಂತ ವಕೀಲರಿಗೆ ತೋರಿಸಿ. ದೊಡ್ಡಮ್ಮನೇ 14567ಕ್ಕೆ ಫೋನ್ ಮಾಡಬಹುದು, ಹಿರಿಯರ ಸಹಾಯವಾಣಿ ಅದು.

ಮತ್ತೆ ನಿಟ್ಟುವಳ್ಳಿಯವರು: ಸಿಸ್ಟರ್, ಕೆ.ಪಿ.ಎಂ.ಇ. ಸರ್ಟಿಫಿಕೇಟ್ ಇರುವ ಬೇರೆ ಕಡೆ ಸಿಕ್ಕಿದೆ. ನಾಳೆ ನೋಡಲು ಹೋಗುತ್ತೇವೆ. ಕಾಗದ ಬಿಟ್ಟು ಬೇರೆ ಏನು ನೋಡಲಿ?

ಸಿಸ್ಟರ್: ಹಗಲು ಹೊತ್ತು ಬೇಡ, ರಾತ್ರಿ ಎಂಟರ ಮೇಲೆ, ಪಾಳಿ ಬದಲಾಗುವ ಹೊತ್ತಿಗೆ ಹೋಗಿ. ಮೂಗಿನ ಪೈಪಿನಲ್ಲಿ ಊಟ ಹಾಕುವಾಗ ತಲೆ ಕಡೆ ಎತ್ತರಿಸಿದ್ದಾರಾ ನೋಡಿ. ಚಪ್ಪಟೆ ಮಲಗಿಸಿ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಯೂರಿನ್ ಬ್ಯಾಗ್ ಮಂಚದ ಪಕ್ಕ, ಸೊಂಟಕ್ಕಿಂತ ಕೆಳಗೆ ತೂಗಿರಬೇಕು, ನೆಲಕ್ಕೆ ತಾಗಿರಬಾರದು. ಡ್ರೆಸ್ಸಿಂಗ್ ಬಟ್ಟೆಗೆ ಹಳದಿ ಡಬ್ಬ, ಪೈಪಿಗೆ ಕೆಂಪು, ಸೂಜಿಗೆ ಬಿಳಿ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿದ್ದರೆ ಉಳಿದದ್ದೂ ಹಾಗೇ ಇರುತ್ತದೆ. ರೇಟ್ ಬೋರ್ಡ್ ಹಾಕಿರಬೇಕು, ಅದೂ ಕೆ.ಪಿ.ಎಂ.ಇ. ನಿಯಮವೇ.

ಡಿಸ್ಚಾರ್ಜ್ ಆಗುವಾಗ ನಿಮ್ಮ ಆಸ್ಪತ್ರೆಯಲ್ಲಿ ಎರಡು ತಾರೀಖು ಬರೆಸಿಕೊಳ್ಳಿ: ಮೂಗಿನ ಪೈಪ್ ಹಾಕಿದ ದಿನ, ಕ್ಯಾಥೆಟರ್ ಹಾಕಿದ ದಿನ. ಮುಂದೆ ಯಾವಾಗ ಬದಲಿಸಬೇಕು ಅಂತಲೂ ಸಮ್ಮರಿಯಲ್ಲೇ ಇರಲಿ. ಹೊರಡುವ ಮೊದಲು ನರ್ಸ್ ಜೊತೆ ನಿಂತು ಅಮ್ಮನ ಬೆನ್ನು, ಹಿಮ್ಮಡಿ, ಸೊಂಟ ನೋಡಿ ಫೋಟೋ ತೆಗೆಯಿರಿ. ಹೋಂಗೆ ಸೇರಿಸುವಾಗ ಅವರ ಮುಂದೆ ಇನ್ನೊಂದು ಸಲ ತೆಗೆದು, ಅಡ್ಮಿಷನ್ ಫಾರಂನಲ್ಲಿ 'ಹುಣ್ಣು ಇಲ್ಲ' ಅಂತ ಬರೆಸಿ ಸಹಿ ಮಾಡಿಸಿ.