ಹಾವು, ಹಲ್ಲಿ ಪೆಟ್ಟಿಗೆಗೆ ಯಾವ ಹಲಗೆ? 710, ಎಚ್‌ಡಿಎಚ್‌ಎಂಆರ್, ಪಾರ್ಟಿಕಲ್ ಬೋರ್ಡ್

ಬದಿಯಡ್ಕ_ಗೂಡು (ಪ್ರಶ್ನೆ)

ಎರಡು ಪೆಟ್ಟಿಗೆ ಮಾಡಿಸಬೇಕು. ಒಂದು ಬಾಲ್ ಪೈಥಾನ್‌ಗೆ, 4×2×2 ಅಡಿ. ಇನ್ನೊಂದು ಲೆಪರ್ಡ್ ಗೆಕ್ಕೊಗೆ, 3 ಅಡಿ ಉದ್ದ ಸಾಕು. ಹಾವಿನ ನೋಂದಣಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಆಗಿದೆ. ಹಲಗೆ ಅಂಗಡಿಯಲ್ಲಿ ಏನು ತೋರಿಸಿದರೂ ‘ಇದು ವಾಟರ್‌ಪ್ರೂಫ್’ ಎನ್ನುತ್ತಾರೆ. ಹಾವಿನ ಪೆಟ್ಟಿಗೆಯೊಳಗೆ ತೇವ 60–80% ಇರಬೇಕು, ಹೊರಗೆ ನಮ್ಮ ಆಟಿ ತಿಂಗಳ ಮಳೆ. ಯಾವುದು ತಾಳುತ್ತದೆ? 12 ಎಂಎಂ ಸಾಕೆ, 18 ಬೇಕೆ? ಒಳಗೆ ಏನು ಬಳಿಯಬೇಕು?

ಚಿಪ್ಪುಳಿ

ಎರಡಕ್ಕೂ ಒಂದೇ ಹಲಗೆ ತರಬೇಡಿ, ಎರಡು ಪ್ರಾಣಿಗಳ ಬೇಡಿಕೆ ತದ್ವಿರುದ್ಧ.

ಹಾವಿಗೆ ಐಎಸ್ 710 (ಮರೀನ್ ದರ್ಜೆಯ ಭಾರತೀಯ ಮಾನದಂಡ) ಪ್ಲೈವುಡ್. ಪ್ಲೈವುಡ್‌ನ ಹಣೆಬರಹ ಇರುವುದು ಅಂಟಿನಲ್ಲಿ. 710ರಲ್ಲಿ ಫಿನಾಲ್ ಅಂಟು. ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ. ಐಎಸ್ 303 ಎಂಬ ಇನ್ನೊಂದು ಮಾನದಂಡದ ಎಂಆರ್ (ತೇವ ತಡೆಯುವ) ದರ್ಜೆಯಲ್ಲಿ ಯೂರಿಯಾ ಅಂಟು, ಅದು ಕೋಣೆಯ ಕಪಾಟಿಗೆ ಸಾಕು, ಹಾವಿನ ಪೆಟ್ಟಿಗೆಗೆ ಸಾಲದು. ಯೂರಿಯಾ ಅಂಟು ಬಿಸಿ ಮತ್ತು ತೇವ ಸೇರಿದಾಗ ಫಾರ್ಮಾಲ್ಡಿಹೈಡ್ ಅನ್ನೂ ಹೆಚ್ಚು ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದನ್ನು ಉಸಿರಾಡುವುದು ನಿಮ್ಮ ಹಾವು. ಒಣ ಪೆಟ್ಟಿಗೆಗೆಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಪಾರ್ಟಿಕಲ್ ಬೋರ್ಡನ್ನೇ ಕೊಳ್ಳುವುದಾದರೆ ಇ0 ಅಥವಾ ಇ1 (ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ದರ್ಜೆ) ಗುರುತು ಇರುವುದನ್ನೇ ಕೇಳಿ.

ಅಂಗಡಿಯಲ್ಲಿ ಹಲಗೆಯ ಅಂಚು ನೋಡಿ. ಫಿನಾಲ್ ಅಂಟಿನ ಗೆರೆ ಕಡುಗಂದು, ಯೂರಿಯಾದ್ದು ಬಿಳಿಚಿದಂತೆ. ಆದರೆ ಅಂಟಿಗೆ ಬಣ್ಣ ಬೆರೆಸಿ ಕಡುಗಂದು ಮಾಡುವವರೂ ಇದ್ದಾರೆ, ಹಾಗಾಗಿ ಬಣ್ಣವನ್ನೇ ನಂಬಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ (ಪರವಾನಗಿ) ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬರೀ ‘710’ ಎಂದು ಅಚ್ಚು ಹಾಕಿದ್ದಕ್ಕೆ ಬೆಲೆ ಇಲ್ಲ. ಅಂಚಿನಲ್ಲಿ ಪದರಗಳ ನಡುವೆ ಬೆರಳಿನ ಉಗುರು ಹೋಗುವಷ್ಟು ಖಾಲಿ ಜಾಗ ಕಂಡರೆ ಆ ಹಲಗೆ ಬಿಡಿ. ಸ್ಕ್ರೂ ಅಲ್ಲೇ ಹೋಗಿ ಕೂತರೆ ಹಿಡಿತ ಸಿಗುವುದಿಲ್ಲ.

ಪಾರ್ಟಿಕಲ್ ಬೋರ್ಡ್ ಹಾವಿಗೆ ಖಂಡಿತ ಬೇಡ. ಮೇಲ್ಮೈಯ ಮೆಲಮೈನ್ ಪದರ ಗಟ್ಟಿಯೇ, ತೊಂದರೆ ಇರುವುದು ಕತ್ತರಿಸಿದ ಅಂಚಿನಲ್ಲಿ. ಹಾವು ನೀರಿನ ಬಟ್ಟಲು ಕವುಚಿ ಹಾಕುತ್ತದೆ, ನೀರು ತಳದ ಸಂದಿಗೆ ಇಳಿಯುತ್ತದೆ, ಅಂಚು ಚಹದಲ್ಲಿ ನೆನೆದ ರಸ್ಕಿನಂತೆ ಉಬ್ಬುತ್ತದೆ. ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಬರುವುದಿಲ್ಲ, ಒತ್ತಿ ಕೂರಿಸಿದ್ದ ಚೂರುಗಳು ಬಿಚ್ಚಿಕೊಂಡಿರುತ್ತವೆ. ಸ್ಕ್ರೂ ಸಡಿಲ, ಎದುರಿನ ಸರಿಯುವ ಗಾಜಿನ ಹಳಿ ಸೊಟ್ಟ.

ಗೆಕ್ಕೊಗೆ ಮರದ ನಾರನ್ನು ದಟ್ಟವಾಗಿ ಒತ್ತಿ ತೇವ ತಡೆಯುವಂತೆ ಮಾಡಿದ, ಎರಡೂ ಬದಿ ಲ್ಯಾಮಿನೇಟ್ ಆದ ಎಚ್‌ಡಿಎಚ್‌ಎಂಆರ್ ಸಾಕು. ಅದರ ಒಳಗೆ ಬೇಕಾದ್ದು 30–40% ತೇವ ಮಾತ್ರ. ಅಂಚಿಗೆ ಪಿವಿಸಿ ಪಟ್ಟಿ ಬಿಸಿಯಲ್ಲಿ ಅಂಟಿಸಿಕೊಳ್ಳಿ. ಆದರೆ ಮಳೆಗಾಲದಲ್ಲಿ ಹೊರಗಿನ ಗಾಳಿಯೇ 85% ದಾಟುವಾಗ ಒಳಗೆ 40% ಇಡುವುದು ಹಲಗೆಯಿಂದ ಆಗುವ ಕೆಲಸವಲ್ಲ. ಪೆಟ್ಟಿಗೆ ಇಡುವ ಕೋಣೆಯನ್ನೇ ಒಣಗಿಸಬೇಕು.

ಉಪ್ಪಳ_ಗರಗಸ

ದಪ್ಪದ ಮಾತು. ಹಾವಿನದ್ದಕ್ಕೆ 18 ಎಂಎಂ. 12ರ ಅಂಚಿಗೆ ಸ್ಕ್ರೂ ಹಾಕಿದರೆ ಪದರ ಸೀಳುತ್ತದೆ, 4 ಅಡಿ ಉದ್ದದ ಮುಚ್ಚಳ ಬಿಸಿ ಕೊಡುವ ದೀಪದ ಭಾರಕ್ಕೆ ಬಗ್ಗುತ್ತದೆ. 12 ಹಾಕಲೇಬೇಕೆಂದರೆ ಹಿಂಬದಿಗೆ ಮಾತ್ರ.

4×2×2ರ ಐದು ಮುಖಗಳು ಒಂದೇ 8×4 ಹಾಳೆಯಲ್ಲಿ (2440×1220 ಎಂಎಂ) ಹಿಡಿಸುತ್ತವೆ. ಆದರೆ ಗರಗಸದ ಪ್ರತಿ ಸೀಳು 3–4 ಎಂಎಂ ತಿನ್ನುತ್ತದೆ. ‘ನಾಲ್ಕಡಿ, ಎರಡಡಿ’ ಎಂದು ಬಾಯಿಮಾತಲ್ಲಿ ಹೇಳಿದರೆ ಕೊನೆಯ ತುಂಡು ಗಿಡ್ಡವಾಗುತ್ತದೆ. ಅಳತೆ ಬರೆದು ಕೊಡಿ:

ತಳ, ಮುಚ್ಚಳ, ಹಿಂಬದಿ: 1210×605, ಮೂರು ತುಂಡು
ಪಕ್ಕ: 587 ಆಳ × 605 ಎತ್ತರ, ಎರಡು ತುಂಡು

ಹಿಂಬದಿ ತಳದ ಮೇಲೆ, ಮುಚ್ಚಳದ ಕೆಳಗೆ ಕೂರುತ್ತದೆ. ಪಕ್ಕಗಳು ಅದರ ಮುಂದೆ ಬರುತ್ತವೆ, ಅದಕ್ಕೇ ಅವುಗಳ ಆಳದಲ್ಲಿ 18 ಕಡಿಮೆ. ಒಳ ಅಳತೆ 1174×587×605 ಸಿಗುತ್ತದೆ. ಎದುರಿಗೆ ಕೆಳಗೆ 100, ಮೇಲೆ 75 ಎಂಎಂ ಪಟ್ಟಿ ಬೇಕು, ಉದ್ದ 1174. ಇದು ಹಾಳೆಯಲ್ಲಿ ಉಳಿಯುವುದಿಲ್ಲ, ಬೇರೆ ತುಂಡು ಕೇಳಿ.

ಸ್ಕ್ರೂ 4×40, ಸ್ಟೇನ್‌ಲೆಸ್. ಕಡಲ ಗಾಳಿಗೆ ಕಬ್ಬಿಣದ್ದು ತುಕ್ಕು ಹಿಡಿದು ಪಾಲಿಶ್ ಮೇಲೆ ಕಲೆ ಬಿಡುತ್ತದೆ. ಮೊದಲು 2.5 ಎಂಎಂ ತೂತು, ಪ್ರತಿ 150 ಎಂಎಂಗೆ ಒಂದು.

ಗಾಜು 5 ಎಂಎಂ, ಎರಡು ತುಂಡು, ತಲಾ 612 ಅಗಲ, ನಡುವೆ 50 ಎಂಎಂ ಒಂದರ ಮೇಲೊಂದು ಬರುವಂತೆ. ಎತ್ತರವನ್ನು ಹಳಿ ಕೂರಿಸಿದ ಮೇಲೆ ಅಳೆಯಿರಿ, ಮೊದಲೇ ಕತ್ತರಿಸಬೇಡಿ. ಆಳವಾದ ಹಳಿ ಮೇಲೆ, ಆಳ ಕಡಿಮೆಯದ್ದು ಕೆಳಗೆ. ಗಾಜಿನ ಬೀಗ ಮರೆಯಬೇಡಿ, ಹಾವು ಮೂಗಿನಿಂದ ತಳ್ಳಿಯೇ ಗಾಜು ಸರಿಸುತ್ತದೆ.

ಕಣಿಪುರ_ತೇವ

ಅಲ್ಲ, ಪಿವಿಸಿ ಫೋಮ್ ಬೋರ್ಡ್ ಯಾಕೆ ಯಾರೂ ಹೇಳಲಿಲ್ಲ? ನೀರು ಕುಡಿಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಹಗುರ.

ಚಿಪ್ಪುಳಿ

ನೀರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಬಿಸಿಗೆ ಮಾತ್ರ ಅದು ಸೋಲುತ್ತದೆ. ದೀಪದ ಹೋಲ್ಡರ್ ಸುತ್ತ ಮೆತ್ತಗಾಗಿ ಮುಚ್ಚಳ ಜೋಲುತ್ತದೆ, ಅಂಚಿನಲ್ಲಿ ಸ್ಕ್ರೂ ಹಿಡಿತವೂ ಕಡಿಮೆ. ಥರ್ಮೋಸ್ಟಾಟ್ ಇರುವ ಹೀಟ್ ಮ್ಯಾಟ್ ಮಾತ್ರ ಬಳಸುವ ಚಿಕ್ಕ ಪೆಟ್ಟಿಗೆಗೆ ಆದೀತು. ಬಲ್ಬ್ ಇದ್ದರೆ ಪ್ಲೈವುಡ್ಡೇ, ಅದಕ್ಕೂ ಬಲ್ಬಿನಿಂದ 150 ಎಂಎಂ ಅಂತರ ಬೇಕು. ಹೋಲ್ಡರ್ ಸೆರಾಮಿಕ್‌ದು, ಬಲ್ಬಿಗೆ ತಂತಿಯ ಗೂಡು.

ಉಪ್ಪಳ_ಗರಗಸ

ಬಳಿಯುವ ವಿಷಯ ಬಾಕಿ ಇತ್ತು, ಹೆಚ್ಚಿನವರು ಎಡವುವುದು ಇಲ್ಲೇ. ಜೋಡಿಸಿದ ಮೇಲೆ ಒಳಗಷ್ಟೇ ಬಳಿದರೆ ಹೊರ ಮೈ ಮಳೆಗಾಲದಲ್ಲಿ ತೇವ ಎಳೆದುಕೊಂಡು ಹಲಗೆ ಕಮಾನಾಗುತ್ತದೆ. ಜೋಡಿಸುವ ಮೊದಲೇ ಪ್ರತಿ ತುಂಡಿನ ಆರೂ ಮೈಗೆ ಬಳಿಯಿರಿ. ಅಂಟು ಹಚ್ಚುವ ಪಟ್ಟಿಯನ್ನು ಮಾತ್ರ ಟೇಪ್ ಹಾಕಿ ಬಿಡಿ.

120ರ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ನೀರು ಆಧಾರಿತ ಪಿಯು (ಪಾಲಿಯುರೆಥೇನ್ ಪಾಲಿಶ್) ಮೂರು ಕೋಟು, ನಡುವೆ 220ರಿಂದ ಹಗುರವಾಗಿ. ಅಂಚು ಹೆಚ್ಚು ಕುಡಿಯುತ್ತದೆ, ಅಲ್ಲಿ ಐದು ಕೋಟು, ಮೊದಲನೆಯದು ತೆಳ್ಳಗೆ. ಎರಡು ಡಬ್ಬಿ ಬೆರೆಸುವ ಥಿನ್ನರ್ ಪಿಯು ಬೇಡವೆನ್ನುವುದಿಲ್ಲ, ಆದರೆ ಜೂನ್–ಸೆಪ್ಟೆಂಬರ್‌ನಲ್ಲಿ ಬೇಡ: ತೇವಕ್ಕೆ ಗುಳ್ಳೆ ಏಳುತ್ತದೆ. ಲ್ಯಾಕರ್ ಆದರೆ ಬೆಳ್ಳಗೆ ಮಬ್ಬಾಗುತ್ತದೆ. ಸಂದಿಗಳಿಗೆ ತುಂಬುವ ಸಿಲಿಕೋನ್ ಕೊನೆಗೆ. ಅದು ಮುಟ್ಟಿದ ಜಾಗಕ್ಕೆ ಆಮೇಲೆ ಯಾವ ಪಾಲಿಶೂ ಅಂಟುವುದಿಲ್ಲ. ಬೂಷ್ಟು ನಿರೋಧಕದ ಮದ್ದು ಬೆರೆತ ಬಚ್ಚಲುಮನೆಯ ಸಿಲಿಕೋನ್ ಬೇಡ, ಅಕ್ವೇರಿಯಂನದ್ದು ತನ್ನಿ.

ಗೆದ್ದಲಿಗೆಂದು ಅಂಗಡಿಯ ಎಣ್ಣೆ ಬಳಿಸಲೇಬೇಡಿ, ಅದು ಕೀಟನಾಶಕ. 710 ಹಲಗೆಗೆ ಕಾರ್ಖಾನೆಯಲ್ಲೇ ಹುಳದ ಮದ್ದು ಕೊಟ್ಟಿರುತ್ತಾರೆ, ಪಿಯು ಅದನ್ನು ಒಳಗೇ ಹಿಡಿದಿಡುತ್ತದೆ. ರಬ್ಬರ್ ಮರದ ಅಗ್ಗದ ಬ್ಲಾಕ್‌ಬೋರ್ಡಿಗೆ ಕುಟ್ಟೆ ಹುಳ ಬೇಗ ಬರುತ್ತದೆ, ಮರದಲ್ಲಿ ಪಿಷ್ಟ ಹೆಚ್ಚು. ಪೆಟ್ಟಿಗೆ ನೆಲದಿಂದ ಅರ್ಧ ಅಡಿ ಮೇಲಿರಲಿ, ಮುರಕಲ್ಲಿನ ಗೋಡೆಯಿಂದ ಮೂರು ಇಂಚು ದೂರ. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ.

ಬದಿಯಡ್ಕ_ಗೂಡು

ಉಪಕಾರ ಆಯಿತು. ಬಳಿದ ಮೇಲೆ ಹಾವನ್ನು ಯಾವಾಗ ಬಿಡಬಹುದು?

ಚಿಪ್ಪುಳಿ

ಬಿಸಿಲಿನ ದಿನಗಳಲ್ಲಿ ಕೊನೆಯ ಕೋಟಿನಿಂದ ಒಂದು ವಾರ, ಮಳೆಯಲ್ಲಿ ಎರಡು. ಆಮೇಲೆ ಬಲ್ಬ್ ಹಾಕಿ, ಬಟ್ಟಲಿನಲ್ಲಿ ನೀರಿಟ್ಟು, ಗಾಜು ಮುಚ್ಚಿ ಒಂದು ಹಗಲು ಖಾಲಿ ಓಡಿಸಿ. ತೆರೆದ ಕೂಡಲೇ ಮುಖ ಒಳಗಿಟ್ಟು ಮೂಸಿ. ಮೂಗು ಅಥವಾ ಕಣ್ಣು ಉರಿದರೆ, ಸಿಲಿಕೋನ್‌ನ ವಿನೆಗರ್ ವಾಸನೆ ಇದ್ದರೆ, ಇನ್ನೂ ಮೂರು ದಿನ ತೆರೆದಿಟ್ಟು ಮತ್ತೆ ಹಾಗೆಯೇ ನೋಡಿ.