ಟ್ರ್ಯಾಶ್ 30 ದಿನಕ್ಕೆ ಖಾಲಿಯಾಗಬೇಕಿತ್ತು, ಒಂದೇ ರಾತ್ರಿಗೆ ಖಾಲಿಯಾಗಿದೆ (ಉಬುಂಟು 22.04)

ಗಂಗಾವತಿ_ಸ್ಟುಡಿಯೋ | ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದು ಫೋಟೋ ಸ್ಟುಡಿಯೋ, ಜೊತೆಗೆ ಝೆರಾಕ್ಸ್ ಅಂಗಡಿ. ಎರಡಕ್ಕೂ ಒಂದೇ ಕಂಪ್ಯೂಟರ್. ಅದರಲ್ಲಿ ಲಿನಕ್ಸ್‌ನ ಉಬುಂಟು ಇದೆ, ಡಿಸ್ಕ್ 240 ಜಿಬಿಯ ಎಸ್‌ಎಸ್‌ಡಿ. ಮದುವೆ ಸೀಸನ್ ಬಂತೆಂದರೆ ಅದು ತುಂಬಿಬಿಡುತ್ತದೆ. ನೋಡಿದರೆ ಡಿಲೀಟ್ ಮಾಡಿದ್ದು ಹೋಗಿ ಕೂರುವ ಟ್ರ್ಯಾಶ್ ಒಂದರಲ್ಲೇ 90 ಜಿಬಿ ಕೂತಿತ್ತು. ಕೈಯಿಂದ ಖಾಲಿ ಮಾಡಲು ನೆನಪಿರುವುದಿಲ್ಲ. ಅದಕ್ಕೆ ಒಂದು ವಿಡಿಯೋ ನೋಡಿ, 30 ದಿನಕ್ಕಿಂತ ಹಳೆಯದು ತಾನಾಗಿಯೇ ಅಳಿಯುವ ಹಾಗೆ ಕ್ರಾನ್‌ನಲ್ಲಿ (ಹೇಳಿದ ಸಮಯಕ್ಕೆ ಆಜ್ಞೆಗಳನ್ನು ತಾನೇ ಓಡಿಸುವ ವ್ಯವಸ್ಥೆ) ಒಂದು ಸಾಲು ಹಾಕಿದೆ.

ಶನಿವಾರ ಜಾಗ ಮಾಡಲು ಜನವರಿಯ ಫೋಲ್ಡರ್ ಒಂದನ್ನು ಟ್ರ್ಯಾಶ್‌ಗೆ ಹಾಕಿದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೆಗೆದ ಫೋಟೋಗಳು. ಕೇಳಿದವರಿಗೆಲ್ಲ ಕೊಟ್ಟಾಗಿದೆ ಅಂದುಕೊಂಡಿದ್ದೆ. ಇವತ್ತು ಕಾರಟಗಿ ಕಡೆಯ ಹಿರಿಯರೊಬ್ಬರು ಬಂದರು. ದಾಸೋಹಕ್ಕೆ ಅವರ ಊರಿನವರು ಜೋಳದ ರೊಟ್ಟಿ ತುಂಬಿಕೊಂಡು ಬಂದ ಟ್ರ್ಯಾಕ್ಟರ್ ಫೋಟೋ ಬೇಕಂತೆ, ದೊಡ್ಡದು ಮಾಡಿ ಊರ ಗುಡಿಯಲ್ಲಿ ಹಾಕುತ್ತಾರಂತೆ. ಟ್ರ್ಯಾಶ್ ತೆಗೆದರೆ ಒಂದೂ ಇಲ್ಲ!

ಹಾಕಿ ಎರಡೇ ದಿನ ಆಗಿದೆ. 30 ಅಂತ ಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಇನ್ನೂ ವಿಚಿತ್ರ ಅಂದರೆ, ಟ್ರ್ಯಾಶ್-ಲಿಸ್ಟ್ ಅಂತ ಆಜ್ಞೆ ಕೊಟ್ಟರೆ ಫೋಲ್ಡರ್ ಹೆಸರು ತೋರಿಸುತ್ತದೆ. ವಾಪಸ್ ತರಲು ಹೋದರೆ ಬರುವುದಿಲ್ಲ. ಏನಾಗಿದೆ ದಯವಿಟ್ಟು ಹೇಳಿ.

ಸಿಂಧನೂರು_ಲಿನಕ್ಸ್ | ಸೋಮವಾರ, ರಾತ್ರಿ 9:32

ಅಕ್ಕ, ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಉಳಿದದ್ದು ಆಮೇಲೆ. ಡಿಸ್ಕ್‌ಗೆ ಬರೆದಷ್ಟೂ ಹಳೆಯದರ ಮೇಲೆ ಹೊಸದು ಕೂರುತ್ತದೆ. ಕ್ರಾನ್‌ನಲ್ಲಿ ಹಾಕಿದ ಸಾಲು ಯಾವುದು? ಫೈಲ್ ಹುಡುಕುವ ಫೈಂಡ್ ಆಜ್ಞೆ ಇತ್ತಾ?

ಗಂಗಾವತಿ_ಸ್ಟುಡಿಯೋ | ಸೋಮವಾರ, ರಾತ್ರಿ 9:41

ಆಫ್ ಮಾಡಿದೆ ಅಣ್ಣ, ಮೊಬೈಲ್‌ನಿಂದ ಬರೆಯುತ್ತಿದ್ದೇನೆ. ಹೌದು, ಫೈಂಡ್. ಟ್ರ್ಯಾಶ್ ಒಳಗಿನ ಫೈಲ್ಸ್ ಫೋಲ್ಡರ್ ದಾರಿ, ಆಮೇಲೆ ಎಂ-ಟೈಮ್ ಪ್ಲಸ್ 30, ಕೊನೆಗೆ ಡಿಲೀಟ್.

ಸಿಂಧನೂರು_ಲಿನಕ್ಸ್ | ಸೋಮವಾರ, ರಾತ್ರಿ 10:15

ತಪ್ಪು ಅಲ್ಲೇ ಇದೆ. ಇದೇ ಸಾಲನ್ನು ತುಂಬಾ ಜನ ಹಾಕಿಕೊಂಡಿರುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂ-ಟೈಮ್ ಅಂದರೆ ಫೈಲ್ ಒಳಗಿನದು ಕೊನೆಯ ಸಲ ಬದಲಾದ ದಿನ. ನೀವು ಅದನ್ನು ಟ್ರ್ಯಾಶ್‌ಗೆ ಹಾಕಿದ ದಿನ ಅಲ್ಲ. ಅದೇ ಡಿಸ್ಕ್‌ನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರೆ ಫೈಲ್‌ನ ಒಳಗೆ ಏನೂ ಬದಲಾಗುವುದಿಲ್ಲ, ಆ ದಿನಾಂಕವೂ ಹಾಗೇ ಉಳಿಯುತ್ತದೆ. ನಿಮ್ಮ ಫೋಟೋಗಳ ಎಂ-ಟೈಮ್ ಜನವರಿ. ಶನಿವಾರ ರಾತ್ರಿ ಕ್ರಾನ್ ಓಡಿದಾಗ ಅದರ ಲೆಕ್ಕದಲ್ಲಿ ಅವೆಲ್ಲ ತಿಂಗಳುಗಟ್ಟಲೆ ಹಳೆಯವು. ಆ ರಾತ್ರಿಯೇ ಅಳಿಸಿಬಿಟ್ಟಿದೆ.

ಹಾಗಾದರೆ ಟ್ರ್ಯಾಶ್‌ಗೆ ಹಾಕಿದ ದಿನ ಎಲ್ಲಿರುತ್ತದೆ? ಲಿನಕ್ಸ್‌ನಲ್ಲಿ ಟ್ರ್ಯಾಶ್ ಅಂದರೆ ಜೋಡಿ ಫೋಲ್ಡರ್. ಫೈಲ್ಸ್ ಎನ್ನುವುದರಲ್ಲಿ ನಿಮ್ಮ ಫೈಲ್ ಇರುತ್ತದೆ. ಇನ್ಫೋ ಎನ್ನುವುದರಲ್ಲಿ ಪ್ರತಿಯೊಂದಕ್ಕೂ ಒಂದು ಚಿಕ್ಕ ಚೀಟಿ ಇರುತ್ತದೆ. ಮೊದಲು ಯಾವ ಜಾಗದಲ್ಲಿತ್ತು, ಯಾವ ದಿನ ಎಷ್ಟು ಹೊತ್ತಿಗೆ ಬಿಸಾಕಿದರು, ಎರಡೂ ಅದರಲ್ಲಿ ಬರೆದಿರುತ್ತವೆ. ಫೈಂಡ್ ಆ ಚೀಟಿಯನ್ನು ನೋಡುವುದೇ ಇಲ್ಲ. ಫೈಲ್ ಅಳಿಸಿತು, ಚೀಟಿ ಉಳಿಯಿತು. ಟ್ರ್ಯಾಶ್-ಲಿಸ್ಟ್ ಓದುವುದು ಚೀಟಿಗಳನ್ನು. ಅದಕ್ಕೇ ನಿಮಗೆ ಹೆಸರು ಕಾಣುತ್ತಿದೆ, ಫೈಲ್ ಇಲ್ಲ.

ಎಂ-ಟೈಮ್ ಬದಲು ಸಿ-ಟೈಮ್ (ಫೈಲ್‌ನ ಹೆಸರು, ಜಾಗ, ಅನುಮತಿಯಂಥ ವಿವರ ಕೊನೆಯ ಸಲ ಬದಲಾದ ದಿನ) ಹಾಕಿ ಎನ್ನುವವರೂ ಇದ್ದಾರೆ. ಬೇಡ. ಫೋಲ್ಡರ್ ಪೂರ್ತಿ ಬಿಸಾಕಿದರೆ ಹೊರಗಿನ ಫೋಲ್ಡರ್‌ನ ಸಿ-ಟೈಮ್ ಮಾತ್ರ ಬದಲಾಗುತ್ತದೆ, ಒಳಗಿನ ಫೈಲ್‌ಗಳದ್ದು ಹಳೆಯದೇ ಇರುತ್ತದೆ. ನಿಮಗೆ ಆಗಿದ್ದೇ ಮತ್ತೆ ಆಗುತ್ತದೆ.

ಫೋಟೋ ವಾಪಸ್ ಬರುತ್ತದಾ ಅಂದರೆ, ಎಸ್‌ಎಸ್‌ಡಿಯಿಂದ ಆಸೆ ಕಡಿಮೆ. ಉಬುಂಟು ವಾರಕ್ಕೊಮ್ಮೆ ಟ್ರಿಮ್ ಓಡಿಸುತ್ತದೆ, ಅಂದರೆ ಯಾವ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಅದು ಓಡಿದ ಮೇಲೆ ಅಳಿಸಿದ ಜಾಗದಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕ್ಯಾಮೆರಾ ಕಾರ್ಡ್ ಇದೆಯಾ? ಜಾತ್ರೆಯಲ್ಲಿ ಬಳಸಿದ್ದು?

ಗಂಗಾವತಿ_ಸ್ಟುಡಿಯೋ | ಸೋಮವಾರ, ರಾತ್ರಿ 10:28

ಈಗ ಅರ್ಥವಾಯಿತು. ವಿಡಿಯೋದಲ್ಲಿ ಯಾರೂ ಇದನ್ನು ಹೇಳಲಿಲ್ಲ. ಒಂದು ಕಾರ್ಡ್ ಮದುವೆಗಳಿಗೆ ಓಡಾಡುತ್ತಲೇ ಇದೆ. ಇನ್ನೊಂದು ತಮ್ಮನ ಕ್ಯಾಮೆರಾದ್ದು. ಜಾತ್ರೆ ಆದಮೇಲೆ ಫಾರ್ಮ್ಯಾಟ್ ಮಾಡಿ ಡ್ರಾಯರ್‌ನಲ್ಲಿ ಇಟ್ಟಿದ್ದಾನೆ, ಮತ್ತೆ ಬಳಸಿಲ್ಲ.

ಸಿಂಧನೂರು_ಲಿನಕ್ಸ್ | ಸೋಮವಾರ, ರಾತ್ರಿ 10:40

ಹಾಗಾದರೆ ಆಸೆ ಇದೆ! ಕ್ಯಾಮೆರಾದಲ್ಲಿ ಮಾಡುವ ಮಾಮೂಲಿ ಫಾರ್ಮ್ಯಾಟ್ ಹೆಚ್ಚಾಗಿ ಫೈಲ್‌ಗಳ ಪಟ್ಟಿಯನ್ನು ಮಾತ್ರ ಅಳಿಸುತ್ತದೆ, ಫೋಟೋಗಳನ್ನಲ್ಲ. ಕಾರ್ಡ್‌ನ ಪಕ್ಕದಲ್ಲಿರುವ ಚಿಕ್ಕ ಲಾಕ್ ಕೆಳಗೆ ಎಳೆಯಿರಿ. ಬೇರೆ ಕಂಪ್ಯೂಟರ್‌ಗೆ ಹಾಕಿ. ಫೋಟೋರೆಕ್ ಓಡಿಸಿ, ಅಳಿದ ಫೈಲ್ ಹುಡುಕಿ ತೆಗೆಯುವ ಉಚಿತ ತಂತ್ರಾಂಶ. ಸಿಕ್ಕಿದ್ದನ್ನು ಅದೇ ಕಾರ್ಡ್‌ಗೆ ಉಳಿಸಬೇಡಿ, ಕಂಪ್ಯೂಟರ್‌ನ ಡಿಸ್ಕ್‌ಗೆ ಉಳಿಸಿ. ಹಳೆಯ ಹೆಸರುಗಳು ಬರುವುದಿಲ್ಲ, ಒಂದೊಂದೇ ತೆಗೆದು ನೋಡಬೇಕು.

ಬಳ್ಳಾರಿ_ಡಿಟಿಪಿ | ಮಂಗಳವಾರ, ಬೆಳಗ್ಗೆ 8:05

ಅಕ್ಕಾರೇ, ಆ ಕ್ರಾನ್ ಸಾಲು ಮೊದಲು ತೆಗೆಯಿರಿ. ಸರಿಯಾದ ದಾರಿ ಉಬುಂಟುವಿನಲ್ಲೇ ಇದೆ. ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ, ಅದರಲ್ಲಿ ಫೈಲ್ ಹಿಸ್ಟರಿ ಅಂಡ್ ಟ್ರ್ಯಾಶ್. 'ಆಟೋಮ್ಯಾಟಿಕಲಿ ಡಿಲೀಟ್ ಟ್ರ್ಯಾಶ್ ಕಂಟೆಂಟ್' ಆನ್ ಮಾಡಿ, ಅವಧಿ 30 ದಿನ ಇಡಿ. ಇದು ಬಿಸಾಕಿದ ದಿನದಿಂದಲೇ ಎಣಿಸುತ್ತದೆ. ಅಲ್ಲೇ ಕೆಳಗೆ 'ಎಂಪ್ಟಿ ಟ್ರ್ಯಾಶ್' ಬಟನ್ ಇದೆ, ಅದನ್ನು ಮಾತ್ರ ಒತ್ತಬೇಡಿ. ಅದು ಈಗಲೇ ಎಲ್ಲ ಖಾಲಿ ಮಾಡುವುದು.

ಕ್ರಾನ್‌ನಲ್ಲೇ ಬೇಕು ಅಂದರೆ ಫೈಂಡ್ ಬಿಡಿ. ಟ್ರ್ಯಾಶ್-ಲಿಸ್ಟ್ ಬಂದ ಟ್ರ್ಯಾಶ್-ಸಿಎಲ್‌ಐ ತಂತ್ರಾಂಶದ ಕಟ್ಟಿನಲ್ಲೇ ಟ್ರ್ಯಾಶ್-ಎಂಪ್ಟಿ ಅಂತ ಇದೆ. ಅದರ ಮುಂದೆ ಜಾಗ ಬಿಟ್ಟು 30 ಬರೆದರೆ ಸಾಕು, ಚೀಟಿ ನೋಡಿ ಅಳಿಸುತ್ತದೆ. ಸಮಯ 0 12 * * * ಅಂತ ಇಟ್ಟರೆ ಮಧ್ಯಾಹ್ನ 12ಕ್ಕೆ ಓಡುತ್ತದೆ. ರಾತ್ರಿ ಅಂಗಡಿ ಮುಚ್ಚಿದಾಗ ಕಂಪ್ಯೂಟರ್ ಆಫ್ ಇದ್ದರೆ ಕ್ರಾನ್ ಓಡುವುದಿಲ್ಲ. ಕರೆಂಟ್ ಹೋಗಿ ಒಂದು ದಿನ ತಪ್ಪಿದರೂ ಪರವಾಗಿಲ್ಲ, ಮರುದಿನ ಓಡಿದಾಗ ಬಾಕಿ ಇದ್ದದ್ದನ್ನೂ ತೆಗೆಯುತ್ತದೆ.

ಝೆರಾಕ್ಸ್ ಅಂಗಡಿ ಅಂದಿರಲ್ಲ, ಅದಕ್ಕೆ ಇನ್ನೆರಡು ಮಾತು. ಗಿರಾಕಿಗಳ ಪೆನ್‌ಡ್ರೈವ್‌ನಿಂದ ಏನಾದರೂ ಡಿಲೀಟ್ ಮಾಡಿದರೆ ಲಿನಕ್ಸ್ ಅದನ್ನು ಪೆನ್‌ಡ್ರೈವ್ ಒಳಗೇ ಒಂದು ಅಡಗಿದ ಟ್ರ್ಯಾಶ್ ಫೋಲ್ಡರ್‌ನಲ್ಲಿ ಇಡುತ್ತದೆ. ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತದೆ. ಅವರು ಮನೆಗೆ ಹೋಗಿ 'ಎಲ್ಲ ಅಳಿಸಿದರೂ ಫುಲ್ ತೋರಿಸುತ್ತದೆ' ಎನ್ನುತ್ತಾರೆ. ವಿಂಡೋಸ್‌ನಲ್ಲಿ ಹೀಗಾಗುವುದಿಲ್ಲ, ಪೆನ್‌ಡ್ರೈವ್‌ನದು ನೇರ ಹೋಗುತ್ತದೆ. ಅದಕ್ಕೇ ಎರಡೂ ಬಳಸುವವರಿಗೆ ಗೊಂದಲ ಜಾಸ್ತಿ.

ಎರಡನೆಯದು, ಜನರ ಆಧಾರ್, ಪಾನ್ ಕಾರ್ಡ್ ಸ್ಕ್ಯಾನ್‌ಗಳನ್ನು ಟ್ರ್ಯಾಶ್‌ನಲ್ಲಿ 30 ದಿನ ಇಡಲೇಬೇಡಿ. ಪ್ರಿಂಟ್ ಕೊಟ್ಟ ಕೂಡಲೇ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ನಂಬಿ ಕೊಟ್ಟಿರುತ್ತಾರೆ, ಅಲ್ವಾ.

ರಾಯಚೂರು_ಲ್ಯಾಬ್ | ಮಂಗಳವಾರ, ಮಧ್ಯಾಹ್ನ 1:20

ವಿಂಡೋಸ್ 10, 11 ಇರುವವರಿಗೆ: ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಸ್ಟೋರೇಜ್ ಸೆನ್ಸ್. ರಿಸೈಕಲ್ ಬಿನ್‌ಗೆ 1, 14, 30, 60 ದಿನ ಆಯ್ಕೆ ಇದೆ. ಅದೇ ಪುಟದಲ್ಲಿ ಡೌನ್‌ಲೋಡ್ಸ್ ಫೋಲ್ಡರ್‌ಗೂ ಒಂದು ಆಯ್ಕೆ ಇದೆ, ಅದನ್ನು ನೆವರ್‌ನಲ್ಲೇ ಬಿಡಿ. ಎಷ್ಟೋ ಜನ ಕೆಲಸದ ಫೈಲ್‌ಗಳನ್ನು ಡೌನ್‌ಲೋಡ್ಸ್‌ನಲ್ಲೇ ಇಟ್ಟುಕೊಂಡಿರುತ್ತಾರೆ.

ಗಂಗಾವತಿ_ಸ್ಟುಡಿಯೋ | ಗುರುವಾರ, ರಾತ್ರಿ 8:50

ಅಣ್ಣ, ಸಿಕ್ಕಿತು! ತಮ್ಮನ ಕಾರ್ಡ್‌ನಿಂದ 212 ಫೋಟೋ ಬಂದವು. ಎಸ್‌ಎಸ್‌ಡಿಯಲ್ಲಿ ಇದ್ದದ್ದು ಹೋಯಿತು, ನಾನು ತೆಗೆದ ತೇರಿನ ಫೋಟೋಗಳೂ ಅದರ ಜೊತೆ ಹೋದವು. ಅದು ನೋವೇ. ಆದರೆ ಟ್ರ್ಯಾಕ್ಟರ್ ಎರಡು ಫೋಟೋಗಳಲ್ಲಿ ಪೂರ್ತಿ ಬಂದಿದೆ, ರೊಟ್ಟಿಯ ಗಂಟುಗಳ ಮೇಲೆ ಕೂತ ಹುಡುಗರ ಮುಖವೂ ಸ್ಪಷ್ಟವಾಗಿದೆ. ಹಿರಿಯರಿಗೆ ಫೋನ್ ಮಾಡಿ ಹೇಳಿದೆ.

ಕ್ರಾನ್ ಸಾಲು ತೆಗೆದೆ, ಸೆಟ್ಟಿಂಗ್ಸ್‌ನಲ್ಲಿ 30 ದಿನ ಇಟ್ಟೆ. ಪರೀಕ್ಷೆಗೆ ಅಂತ ಹೋದ ವರ್ಷದ ಒಂದು ಬೇಡವಾದ ಫೈಲ್ ಅನ್ನು ಮಂಗಳವಾರ ಟ್ರ್ಯಾಶ್‌ಗೆ ಹಾಕಿದ್ದೆ. ಇವತ್ತೂ ಅಲ್ಲೇ ಇದೆ.