'ಎಳೆತ' ಅಂದರೆ ಬಲವೋ, ಶಕ್ತಿಯೋ?

ಎಲ್ಲರಿಗೂ ನಮಸ್ಕಾರ.

ಹಳೇ ಟ್ರ್ಯಾಕ್ಟರಿಗೆ ಎಷ್ಟು ದೊಡ್ಡ ಡಿಸ್ಕ್ ಹ್ಯಾರೋ (ಹೆಂಟೆ ಒಡೆಯುವ ತಟ್ಟೆಗಳ ಸಲಕರಣೆ) ಹೊಂದುತ್ತದೆ ಅನ್ನುವುದರ ಬಗ್ಗೆ ರೈತರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಕಡೆ ಪದ ಸಿಗದೆ ನಿಂತುಬಿಟ್ಟಿದ್ದೇನೆ.

ಮೊದಲನೆಯದು 'ಹ್ಯಾರೋ'. ಇದಕ್ಕೆ ಕುಂಟೆ, ಹಲುಬೆ ಎರಡನ್ನೂ ಬಳಸುವವರಿದ್ದಾರೆ. ಆದರೆ ಕುಂಟೆಗೆ ಇರುವುದು ಅಡ್ಡ ಅಲಗು, ಅದು ಮೇಲ್ಮಣ್ಣನ್ನು ಸವರಿಕೊಂಡು ಹೋಗುತ್ತದೆ. ಹಲುಬೆಗೆ ಹಲ್ಲುಗಳು, ಅದು ಕೆರೆಯುತ್ತದೆ. ಡಿಸ್ಕ್ ಹ್ಯಾರೋದ ಕೆಲಸವೇ ಬೇರೆ. ತಟ್ಟೆಗಳು ಓರೆಯಾಗಿ ಉರುಳುತ್ತಾ ಹೆಂಟೆ ಕತ್ತರಿಸಿ, ಮಣ್ಣನ್ನು ಪಕ್ಕಕ್ಕೆ ಮಗುಚುತ್ತವೆ. 'ತಟ್ಟೆ ಕುಂಟೆ' ಅಂತ ಬರೆದರೆ ಓದುವವರ ಕಣ್ಣಿಗೆ ಅಲಗೇ ಬರುತ್ತದೆ, ಅಲ್ವಾ? ಅದಕ್ಕೇ ಡಿಸ್ಕ್ ಹ್ಯಾರೋ ಅಂತಲೇ ಬಿಟ್ಟು, ಕೆಲಸಕ್ಕೆ ಮಾತ್ರ 'ಹರಗು' ಇಟ್ಟುಕೊಂಡಿದ್ದೇನೆ. 'ಎರಡು ಸಲ ಹರಗಿದ ಹೊಲ' ಅಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ.

ನಿಜವಾದ ತೊಡಕು 'ಎಚ್‌ಪಿ'ಯದು, ಅಂದರೆ ಶಕ್ತಿ ಅಳೆಯುವ ಹಾರ್ಸ್‌ಪವರ್‌ನದು. ಗಾಡಿ ಎಷ್ಟು ಎಚ್‌ಪಿ ಅಂತ ಕೇಳಿದರೆ ಸಿಗುವುದು ಎಂಜಿನ್ನಿನ ಲೆಕ್ಕ. ಹ್ಯಾರೋಗೆ ಬೇಕಾದದ್ದು ಅದಲ್ಲ. ಗೇರು, ಟೈರು, ಸಡಿಲ ಮಣ್ಣು ಎಲ್ಲವೂ ತಮ್ಮ ಪಾಲು ತಿಂದ ಮೇಲೆ ಹ್ಯಾರೋ ಸಿಕ್ಕಿಸುವ ಹಿಂದಿನ ಕೊಂಡಿಯಲ್ಲಿ ಉಳಿಯುತ್ತದಲ್ಲ, ಆ ಶಕ್ತಿ. ಹಿಂದಿನ ಎರಡು ಚಕ್ರವಷ್ಟೇ ಎಳೆಯುವ ಗಾಡಿಯಲ್ಲಿ, ಉತ್ತ ಹೊಲದಲ್ಲಿ, ಅದು ಎಂಜಿನ್ನಿನ ಅರ್ಧದಷ್ಟೇ ಇರಬಹುದು. ಮೊದಲು ಇದನ್ನು ಮುಚ್ಚಿಡುತ್ತಿರಲಿಲ್ಲ. 1923ರಲ್ಲಿ ಬಂದ ಮೆಕಾರ್ಮಿಕ್-ಡೀರಿಂಗ್ ಟ್ರ್ಯಾಕ್ಟರಿನ ಹೆಸರೇ '10-20': ಕೊಂಡಿಯಲ್ಲಿ 10, ಬೆಲ್ಟ್ ಹಾಕಿ ಬೇರೆ ಯಂತ್ರ ಓಡಿಸುವ ರಾಟೆಯಲ್ಲಿ 20. ಎಷ್ಟು ಪ್ರಾಮಾಣಿಕ ಹೆಸರು!

ಇಂಥ ಶಕ್ತಿಗೆ 'ಕೊಂಡಿಯ ಶಕ್ತಿ' ಅಂದರೆ ಕೊಂಡಿ ಎಷ್ಟು ಗಟ್ಟಿ ಅನ್ನುವ ಅರ್ಥ ಬಂದುಬಿಡುತ್ತದೆ. ಹಾಗಾಗಿ 'ಎಳೆತದ ಎಚ್‌ಪಿ' ಅಂತ ಬರೆದೆ. ಬರೆದ ಮೇಲೆ ಇನ್ನೊಂದು ಸಮಸ್ಯೆ. ಹ್ಯಾರೋ 600 ಕೆಜಿಯಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತಿದೆ, ಗಾಡಿ ಗಂಟೆಗೆ 6 ಕಿಮೀ ಹೋಗುತ್ತಿದೆ ಅಂದುಕೊಳ್ಳಿ. ಆಗ ಕೊಂಡಿಯಲ್ಲಿ ಸುಮಾರು 13 ಎಚ್‌ಪಿ ಬೇಕು. ಎಂಜಿನ್ 25ರದ್ದಾದರೆ ಸಡಿಲ ಮಣ್ಣಲ್ಲಿ ಅಲ್ಲಿಗೆ ಸರಿಹೋಯಿತು, ಮಿಗಿಸಲು ಏನೂ ಇಲ್ಲ. ಆ 600 ಕೆಜಿಯೂ 'ಎಳೆತ'ವೇ, ಈ 13 ಎಚ್‌ಪಿಯೂ ಎಳೆತದ್ದೇ. ಒಂದು ಬಲ, ಒಂದು ಶಕ್ತಿ. ವೇಗ ಹೆಚ್ಚಿಸಿದರೆ ಎರಡನೆಯದು ಏರಿಯೇ ಏರುತ್ತದೆ. ಒಂದೇ ಪದ ಎರಡಕ್ಕೂ ಬಂದರೆ ಓದುವವರು ಎಡವುತ್ತಾರೆ. ಮೊದಲನೆಯದಕ್ಕೆ 'ಜಗ್ಗುಬಲ' ಅಂದರೆ ಕಿವಿಗೆ ಒರಟಾಗುತ್ತದಾ?

ಹ್ಯಾರೋ ಅಳತೆಯಲ್ಲೂ ಹೀಗೇ. '14 ತಟ್ಟೆ' ಅಂದರೆ ಎಣಿಕೆ ಗೊತ್ತಾಯಿತು, ತೂಕ ಗೊತ್ತಾಗಲಿಲ್ಲ. ಒಂದೇ ಎಣಿಕೆಯ ಎರಡು ಹ್ಯಾರೋಗಳಲ್ಲಿ ಒಂದೊಂದು ತಟ್ಟೆಯ ಪಾಲಿಗೆ ಬರುವ ತೂಕ ಜಾಸ್ತಿ ಇರುವುದು ಆಳಕ್ಕೆ ಇಳಿಯುತ್ತದೆ, ಜಾಸ್ತಿ ಜಗ್ಗುತ್ತದೆ. ಅದಕ್ಕೆ 'ತಟ್ಟೆತೂಕ' ಅಂತ ಇಟ್ಟಿದ್ದೇನೆ, ಇದರಲ್ಲಿ ನನಗೆ ಅಳುಕಿಲ್ಲ.

ಕೊನೆಯದಾಗಿ 'ಸ್ಲಿಪ್'. ಹ್ಯಾರೋ ಗಾಡಿಗೆ ಹೆಚ್ಚಾದಾಗ ಹಿಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಟೈರಿನ ಪಟ್ಟಿಗಳ ಅಚ್ಚು ಮಣ್ಣಲ್ಲಿ ಚೊಕ್ಕವಾಗಿ ಮೂಡದೆ ಕಲಸಿಹೋಗಿರುತ್ತದೆ. 'ಜಾರು' ಅಂದರೆ ಗಾಡಿಯೇ ಪಕ್ಕಕ್ಕೆ ಸರಿದಂತೆ ಕೇಳಿಸುತ್ತದೆ. ಟ್ರ್ಯಾಕ್ಟರ್ ಓಡಿಸುವವರು ಇದಕ್ಕೆ ಒಂದೇ ಪದದಲ್ಲಿ ಏನಾದರೂ ಹೇಳುವುದನ್ನು ಕೇಳಿದ್ದೀರಾ? ಕೇಳಿದ್ದರೆ ಅವರು ಆಡಿದ ವಾಕ್ಯವನ್ನೇ ಬರೆದು ಕಳಿಸಿ.